ಒಂದೇ ಪುಟ ಓದಿಸುವ ಕನ್ನಡಕದಕ್ಕ

ಕನ್ನಡಕದಕ್ಕ ಯಾರ ಜೊತೆ ಮಾತನಾಡಿದರೂ ಅವರ ಕಣ್ಣನ್ನು ನೋಡುವುದಿಲ್ಲ, ಮೂಗನ್ನು ನೋಡುತ್ತಾಳೆ. ಎರಡು ಕಣ್ಣುಗಳ ನಡುವೆ, ಹುಬ್ಬಿಗಿಂತ ತುಸು ಕೆಳಗೆ, ಕನ್ನಡಕವೊಂದು ಬಂದು ಕೂರಬೇಕಾದ ಆ ಪುಟ್ಟ ದಿಣ್ಣೆಯ ಮೇಲೆ ಆಕೆಯ ದೃಷ್ಟಿ ನೆಟ್ಟಿರುತ್ತದೆ. ನೀವು ಮಗಳ ಮದುವೆಯ ಸುದ್ದಿ ಹೇಳುತ್ತಿರಲಿ, ನೆರೆಮನೆಯವರ ಜಗಳ ವರ್ಣಿಸುತ್ತಿರಲಿ, ಆಕೆ ಮಾತ್ರ ಒಳಗೊಳಗೇ ನಿಮ್ಮ ಮೂಗಿನ ಇಳಿಜಾರನ್ನು ಅಳೆಯುತ್ತಿರುತ್ತಾಳೆ. ಮೊದಲ ಸಲ ಭೇಟಿಯಾದವರು ಮೂಗಿಗೆ ಏನೋ ಅಂಟಿಕೊಂಡಿದೆಯೆಂದು ಭಾವಿಸಿ ಕರವಸ್ತ್ರ ತೆಗೆಯುತ್ತಾರೆ. ನಾನೂ ತೆಗೆದಿದ್ದೆ. "ಏನೂ ಇಲ್ಲ, ಮೂಗು ಚೆನ್ನಾಗೇ ಇದೆ, ಇಟ್ಕೊಳ್ಳಿ," ಎಂದಿದ್ದಳು, ನಾನದನ್ನು ಬಿಚ್ಚಿ ಕೊಡಲು ಹೊರಟವನೋ ಎಂಬಂತೆ.

ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಅಂಗಡಿ ಅದು. ಗಾಜಿನ ಕಪಾಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನೇರ ನಡೆಯಲು ಜಾಗವಿಲ್ಲದ್ದರಿಂದ ಅಕ್ಕ ಹರೆಯದಿಂದಲೂ ಅಡ್ಡಡ್ಡ ನಡೆದೇ ವ್ಯಾಪಾರ ಮಾಡಿದವಳು. ಆ ನಡಿಗೆ ಈಗ ಮೈಗೂಡಿ, ವಿಶಾಲವಾದ ರಸ್ತೆಯಲ್ಲೂ ಒಂದು ಭುಜ ಮುಂದೆ ಮಾಡಿ, ಇಲ್ಲದ ಕಪಾಟಿಗೆ ಮೈ ತಾಗದಂತೆ ಓರೆಯಾಗಿ ಸಾಗುತ್ತಾಳೆ. ಮೈಮೇಲೊಂದು ಬಿಳಿಯ ಕೋಟು. ಅದನ್ನು ಬಿಳಿಯೆಂದು ಕರೆಯುವುದು ಅದರ ಪೂರ್ವಾಶ್ರಮದ ಮೇಲಿನ ಗೌರವದಿಂದ ಮಾತ್ರ. ಮೂಗಿನ ಮೇಲೆ ಕಪ್ಪು ದಪ್ಪ ಕಟ್ಟಿನ ಕನ್ನಡಕ, ಆದರೆ ಅದರಲ್ಲಿ ಗಾಜಿಲ್ಲ. ಐವತ್ತು ದಾಟಿದರೂ ಹತ್ತಿರದ್ದನ್ನು ಬರಿಗಣ್ಣಿನಲ್ಲಿ ಓದುವ ಆಕೆಗೆ ಕನ್ನಡಕದ ಅಗತ್ಯವೇ ಇಲ್ಲ. "ಖಾಲಿ ಮೂಗಿನವಳ ಹತ್ರ ಕನ್ನಡಕ ಯಾರು ಮಾಡಿಸ್ತಾರೆ?" ಎನ್ನುವುದು ಆಕೆಯ ವಾದ. ಕಣ್ಣು ತುರಿಸಿದರೆ ಕಟ್ಟಿನೊಳಗಿಂದಲೇ ಬೆರಳು ತೂರಿಸಿ ಉಜ್ಜಿಕೊಳ್ಳುತ್ತಾಳೆ, ಎದುರಿಗೆ ಕೂತ ಗಿರಾಕಿ ಬೆಚ್ಚಿಬೀಳುತ್ತಾನೆ.

ಇನ್ನು ಆಕೆಯ ಮಾತಿನ ವರಸೆ. ಕನ್ನಡಕದ ಕಡ್ಡಿಯನ್ನು ಗಿರಾಕಿಯ ಕಿವಿಯ ಹಿಂದೆ ಸರಿಪಡಿಸುತ್ತಾ "ಒತ್ತುತ್ತಾ?" ಎಂದು ಕೇಳಿ ಕೇಳಿ, ಆ ಒಂದು ಪ್ರಶ್ನೆ ಆಕೆಯ ಸಕಲ ಲೋಕವ್ಯವಹಾರಕ್ಕೂ ಹರಡಿಕೊಂಡಿದೆ. ಹೊಸ ಚಪ್ಪಲಿ ಹಾಕಿದವರಿಗೆ "ಒತ್ತುತ್ತಾ?", ಬಡ್ತಿ ಸಿಕ್ಕ ಗುಮಾಸ್ತನಿಗೆ "ಒತ್ತುತ್ತಾ?". ಮದುವೆಯಾಗಿ ಬಂದ ಔಷಧಿ ಅಂಗಡಿಯ ಸೊಸೆಗೆ, ಅತ್ತೆ ಪಕ್ಕದಲ್ಲೇ ನಿಂತಿರುವಾಗ, "ಮನೆ ಹೇಗಿದೆ? ಒತ್ತುತ್ತಾ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಆ ಹುಡುಗಿ ನಕ್ಕಳು, ಅತ್ತೆ ನಗಲಿಲ್ಲ.

ಅಂಗಡಿಯ ಹಿಂಭಾಗದಲ್ಲಿ ತೆಳ್ಳನೆಯ ಪ್ಲೈವುಡ್ಡಿನ ಗೋಡೆ. ಅದರಾಚೆ ಗಾಜು ಉಜ್ಜುವ ಚಕ್ರವಿಟ್ಟುಕೊಂಡು, ಮೊಣಕೈವರೆಗೆ ಬಿಳಿಯ ಕೆಸರು ಮೆತ್ತಿಕೊಂಡು ಕೂತಿರುವಾತನನ್ನು ಬೀದಿಯವರೆಲ್ಲ ಸಾಣೆಯಣ್ಣ ಎನ್ನುತ್ತಾರೆ. ಅಕ್ಕನೂ ಆತನೂ ಒಂದೇ ವಾರದಲ್ಲಿ ಆ ಅಂಗಡಿಗೆ ಕೆಲಸ ಕಲಿಯಲು ಬಂದವರು, ಒಬ್ಬನೇ ಮಾಲೀಕನಿಂದ ಬೈಸಿಕೊಂಡವರು. ಮಕ್ಕಳಿಲ್ಲದ ಆ ಮಾಲೀಕ ಕೊನೆಗೆ ಅಂಗಡಿಯನ್ನು ಇಬ್ಬರ ಹೆಸರಿಗೂ ಬರೆದಿಟ್ಟು ಹೋದ. ಸಾಣೆಯಣ್ಣ ಹೆಂಡತಿಯನ್ನು ಕಳೆದುಕೊಂಡು ಬಹಳ ವರ್ಷವಾಯಿತು. ಅಕ್ಕ ಮದುವೆಯಾಗಲೇ ಇಲ್ಲ, ತಂಗಿಯ ಮನೆಯ ಮಹಡಿಯ ಕೋಣೆಯಲ್ಲಿರುತ್ತಾಳೆ. ಯಾಕಾಗಲಿಲ್ಲವೆಂದು ಕೆದಕಿದವರಿಗೆ "ಬಂದೋರ ಮೂಗು ಒಂದೂ ಸರಿ ಇರ್ಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಾಳೆ. ಗಿರಾಕಿಗಳ ಮುಂದೆ ಇಬ್ಬರೂ "ನೀವು, ತಾವು" ಎಂದು ಮರ್ಯಾದೆಯಿಂದ ಮಾತನಾಡಿ, ಪ್ಲೈವುಡ್ಡಿನಾಚೆ ಹೋದೊಡನೆ "ನಿನ್ನ ತಲೆ", "ನಿನ್ನ ಮುಖ" ಎಂದು ಏಕವಚನಕ್ಕಿಳಿಯುತ್ತಿದ್ದರು. ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಊಟ ಮಾಡುವಾಗ ಆಕೆ ತಂಗಿಯ ಮೇಲಿನ ದೂರನ್ನೆಲ್ಲ ಆತನಿಗೆ ಒಪ್ಪಿಸುವಳು, ಆತ ಹೂಂಗುಟ್ಟುವನು. ಜಗತ್ತಿನಲ್ಲಿ ಹೀಗೆ ಹೂಂಗುಟ್ಟಲು ಒಬ್ಬರಿರುವುದು ಎಂಥ ಭಾಗ್ಯವೆಂದು ನನಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಇಂಥ ಸಂಸಾರದೊಳಗೆ ಆ ಕಾದಂಬರಿಯನ್ನು ತಂದುಹಾಕಿದವನು ನಾನೇ. ನಾನೊಂದು ವಾರಪತ್ರಿಕೆಗೆ ಪುಸ್ತಕಗಳ ಬಗ್ಗೆ ಬರೆಯುತ್ತೇನೆ. ಬೈಯೋಕೆ ಸಂಬಳ ತಗೊಳ್ಳೋರು ಎಂದು ಅಕ್ಕ ನನ್ನನ್ನು ಪರಿಚಯ ಮಾಡಿಸುವುದುಂಟು. ಆ ಸಲ ವಿಮರ್ಶೆಗೆ ಬಂದದ್ದು ಹೊಸ ಪ್ರೇಮಕಾದಂಬರಿ. ಒಂದೇ ಕಚೇರಿಯಲ್ಲಿ ಪಕ್ಕಪಕ್ಕದ ಮೇಜಿನಲ್ಲಿ ಕೂರುವ ಒಬ್ಬಳು ಹುಡುಗಿ, ಒಬ್ಬ ಹುಡುಗ, ಬಹುಕಾಲದ ಗೆಳೆತನ, ಒಬ್ಬರ ಪ್ರೇಮಭಂಗಕ್ಕೆ ಮತ್ತೊಬ್ಬರ ಸಾಂತ್ವನ, ತರುವಾಯ ಯಥಾಪ್ರಕಾರ ಕೆಟ್ಟುನಿಂತ ಒಂದು ಲಿಫ್ಟು, ಒಂದು ಬಿರುಮಳೆ, ಒಂದು ಜ್ವರ. ಹುಡುಗನಿಗೆ ಜ್ವರ ಬರುವ ಹೊತ್ತಿಗೆ ನನಗೂ ಬಂದಂತಾಗಿ ಪುಸ್ತಕ ಮುಚ್ಚಿದೆ. ನನ್ನ ಕನ್ನಡಕದ ಸಡಿಲವಾದ ಸ್ಕ್ರೂ ಬಿಗಿಸಲು ಹೋದವನು ಅದನ್ನು ಅಕ್ಕನ ಕಪಾಟಿನ ಮೇಲಿಟ್ಟು, "ಬೇಕಾದರೆ ಓದಿ, ಬೇಡವಾದರೆ ಕಪಾಟಿನ ಕಾಲಿಗೆ ಕೊಡಿ," ಎಂದು ಬಂದೆ.

ಮತ್ತೆ ಹೋದಾಗ ಅಕ್ಕ ನನ್ನನ್ನು ಕೂರಲೂ ಬಿಡಲಿಲ್ಲ. "ಏನ್ರೀ ವಿಮರ್ಶಕರೇ, ಮೊದಲರ್ಧ ಚಿನ್ನದಂಥಾ ಪುಸ್ತಕ. ಆಮೇಲೆ ಈ ಮಹಾರಾಯ್ತಿಗೆ ಏನಾಯ್ತು?" ಎಂದು ಲೇಖಕಿಯ ಪರವಾಗಿ ನಾನೇ ಉತ್ತರಿಸಬೇಕೆಂಬಂತೆ ಜೋರು ಮಾಡಿದಳು. ಗೆಳೆಯರಿಬ್ಬರೂ ಜಗಳವಾಡುವುದು, ಒಬ್ಬರ ಊಟಕ್ಕೆ ಇನ್ನೊಬ್ಬರು ಕೈಹಾಕುವುದು, ಮೇಲಧಿಕಾರಿಯನ್ನು ಸೇರಿಕೊಂಡು ಆಡಿಕೊಳ್ಳುವುದು, ಇದೆಲ್ಲ ಆಕೆಗೆ ಅತ್ಯಂತ ಪ್ರಿಯವಾಗಿತ್ತು. ಅವರು ಪ್ರೇಮಿಗಳಾದದ್ದೇ ತಡ, ಲೇಖಕಿ ಆ ಜಗಳಗಳನ್ನೆಲ್ಲ ಮರೆತುಬಿಟ್ಟಳೆಂಬುದು ಆಕೆಯ ಆಕ್ಷೇಪ.

"ಸ್ನೇಹ ಅಂದ್ರೆ ಏನು, ಬಸ್ ಸ್ಟ್ಯಾಂಡಾ? ಪ್ರೀತಿ ಬರೋ ತನಕ ಕಾಯ್ಕೊಂಡು ಕೂತಿರೋಕೆ? ಸರಿ, ಮದುವೆ ಆದ್ರು ಅಂತಿಟ್ಕೊಳ್ಳಿ. ನಾಳೆ ಅವಳಿಗೆ ಗಂಡನ ಮೇಲೆ ಸಿಟ್ಟು ಬರುತ್ತೆ. ಬರದೇ ಇರುತ್ತಾ? ಆಗ ಯಾರ ಹತ್ರ ಹೇಳ್ಕೋತಾಳೆ? ಇಷ್ಟು ದಿನ ಎಲ್ಲಾ ಅವನ ಹತ್ರಾನೇ ಹೇಳ್ಕೋತಿದ್ಲು. ಈಗ ಅವನೇ ಗಂಡ. ಹೇಳ್ಕೊಳ್ಳೋಕೆ ಯಾರೂ ಉಳಿಲಿಲ್ವಲ್ಲ, ಪಾಪ!"

ನಾನು ದಂಗಾದೆ. ಇಷ್ಟು ವರ್ಷ ಬೈದು ಸಂಬಳ ಎಣಿಸಿದ ನನಗೆ ಈ ಮಾತು ಹೊಳೆದಿರಲಿಲ್ಲ. ಹಾಗಾದರೆ ಪುಸ್ತಕ ಹಿಡಿಸಲಿಲ್ಲವೆಂದು ಬರೆಯಲೇ ಎಂದೆ.

"ಹಿಡಿಸ್ಲಿಲ್ಲ ಅಂತ ಯಾರಂದ್ರು? ಎರಡನೇ ಸಲ ಓದ್ತಿದೀನಿ. ಆ ಆಸ್ಪತ್ರೆ ಪುಟದಲ್ಲಿ ಅತ್ತುಬಿಟ್ಟೆ ಕಣ್ರೀ. ನನ್ನ ತಂಗಿ ಬಂದು, ಯಾರು ಹೋದ್ರು ಅಂತ ಕೇಳಿದ್ಲು."

ಆ ಪುಟವನ್ನು ನಾನೂ ಆಮೇಲೆ ಓದಿದೆ. ಓದಿದೆನೆನ್ನುವುದಕ್ಕಿಂತ, ಕೇಳಿದೆ, ನೂರು ಬಾಯಿಗಳಲ್ಲಿ. ಅದಕ್ಕೆ ಕಾರಣ ಅಕ್ಕನ ಒಂದು ಹಠ. ಹತ್ತಿರದ್ದನ್ನು ಓದುವ ಕನ್ನಡಕ ಸಿದ್ಧವಾದ ಮೇಲೆ ಗಿರಾಕಿಗೆ ಓದಿಸಿ ನೋಡಲು ಎಲ್ಲ ಅಂಗಡಿಗಳಲ್ಲೂ ಒಂದು ಕಾರ್ಡಿರುತ್ತದೆ. ಮೇಲೆ ದಪ್ಪಕ್ಷರ, ಕೆಳಕೆಳಗೆ ಸಣ್ಣಕ್ಷರ. ಅಕ್ಕನಿಗೆ ಅದನ್ನು ಕಂಡರಾಗದು. "ಕಾರ್ಡು ಓದೋಕೆ ಯಾರಾದ್ರೂ ಕನ್ನಡಕ ಮಾಡಿಸ್ತಾರಾ? ಎರಡು ಸಲ ಬಂದೋರಿಗೆ ಅದು ಬಾಯಿಪಾಠ ಆಗಿರುತ್ತೆ, ಕಣ್ಣು ಕಾಣದೇ ಇದ್ರೂ ಒಪ್ಪಿಸ್ತಾರೆ," ಎನ್ನುತ್ತಾಳೆ. ಆದ್ದರಿಂದ ಆಕೆ ಓದಿಸುವುದು ಪುಸ್ತಕದ ಒಂದು ಪುಟ, ಅದೂ ಗಟ್ಟಿಯಾಗಿ. ಮುಂದೇನಾಯಿತೆಂದು ತಿಳಿಯುವ ಆಸೆ ಹುಟ್ಟಿದರೆ ಕಣ್ಣು ತಾನೇ ಸಾಲು ಹಿಡಿದು ಓಡುತ್ತದೆ, ಎಲ್ಲಿ ಎಡವುತ್ತದೋ ಅಲ್ಲಿ ಕನ್ನಡಕದ ದೋಷ ತಿಳಿಯುತ್ತದೆ ಎಂಬುದು ಆಕೆಯ ಶಾಸ್ತ್ರ. ಬಹುಕಾಲ ಅಡುಗೆ ಪುಸ್ತಕವಿತ್ತು, ಆಮೇಲೆ ಒಂದು ಪತ್ತೇದಾರಿ ಕಾದಂಬರಿ. ಈಗ ಆ ಸ್ಥಾನಕ್ಕೆ ನನ್ನ ಪ್ರೇಮಕಾದಂಬರಿ ಬಂದಿತ್ತು, ಅದರಲ್ಲೂ ಆಸ್ಪತ್ರೆಯ ಪುಟ.

ಜ್ವರದಿಂದ ಚೇತರಿಸಿಕೊಳ್ಳುತ್ತಿರುವ ಹುಡುಗನ ಎದುರು ಕುರ್ಚಿ ಎಳೆದುಕೊಂಡು ಕೂತ ಹುಡುಗಿ ಹೇಳುತ್ತಾಳೆ: 'ಇಷ್ಟು ವರ್ಷ ನಿನ್ನ ಪಕ್ಕದಲ್ಲೇ ಕೂತಿದ್ದೆ. ಪಕ್ಕದಲ್ಲಿ ಕೂತವರಿಗೆ ಮುಖ ಕಾಣಿಸುವುದಿಲ್ಲ. ಇವತ್ತು ಎದುರಿಗೆ ಕೂತೆ. ಇನ್ನು ನನ್ನ ಕೈಲಿ ಪಕ್ಕಕ್ಕೆ ಬಂದು ಕೂರಲು ಆಗುವುದಿಲ್ಲ.'

ಇದನ್ನು ನಿವೃತ್ತ ಬ್ಯಾಂಕು ಗುಮಾಸ್ತರೊಬ್ಬರು ಬಡ್ಡಿದರ ಓದುವ ಧಾಟಿಯಲ್ಲಿ ಓದಿದರು. ಒಬ್ಬ ಬಸ್ ಚಾಲಕ ಪ್ರತಿ ಪದಕ್ಕೂ ಬ್ರೇಕು ಹಾಕುತ್ತಾ, 'ಎದುರಿಗೆ' ಎಂಬಲ್ಲಿ ಪೂರ್ತಿ ನಿಂತೇಬಿಟ್ಟ. ಸಂಗೀತ ಕಲಿಸುವ ಟೀಚರಮ್ಮ ಓದಿದ ದಿನವಂತೂ ಬೀಗ ರಿಪೇರಿಯವನು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತ. ಅಕ್ಕ ಎಲ್ಲರ ಮೂಗನ್ನೂ ನೋಡುತ್ತಾ, ತುಟಿ ಮಾತ್ರ ಆಡಿಸುತ್ತಾ ಜೊತೆಗೆ ಓದುತ್ತಿದ್ದಳು. ನಾನು ಅಲ್ಲಿದ್ದಾಗಲೆಲ್ಲ ಒಂದು ಸಂಗತಿ ಗಮನಿಸಿದೆ: ಯಾರೇ ಓದಲಿ, ಆ ಸಾಲುಗಳು ಬರುವಾಗ ಪ್ಲೈವುಡ್ಡಿನಾಚೆ ಸಾಣೆಯ ಚಕ್ರ ನಿಂತಿರುತ್ತಿತ್ತು.

ಅಷ್ಟರಲ್ಲಿ ಅಕ್ಕನ ಬಾಯಲ್ಲಿ ಹೊಸ ದೂರು ಶುರುವಾಯಿತು. ದೂರು ಕೇಳುವಾತನ ಮೇಲೆಯೇ ದೂರಾದ್ದರಿಂದ ಅದನ್ನು ನಾನು ಕೇಳಬೇಕಾಯಿತು. "ಅವನಿಗೆ ಏನೋ ಆಗಿದೆ ರೀ. ಒಳಗೂ ನನ್ನ 'ನೀವು' ಅಂತಾನೆ, ಮೈ ಉರಿಯುತ್ತೆ. ಊಟಕ್ಕೆ ಕೂತ್ರೆ ಬಸ್ಸು ತಪ್ಪಿಹೋಗೋ ಥರ ತಿಂದು ಏಳ್ತಾನೆ. ಏನೋ ಅಂದ್ರೆ, ಏನಿಲ್ಲ ಅಂತಾನೆ." ಹೇಳುವಾಗ ದನಿಯಲ್ಲಿ ಸಿಟ್ಟಿಗಿಂತ ಕಂಗಾಲು ಹೆಚ್ಚಿತ್ತು. ಆ ದಿನ ಆಕೆ ನನ್ನ ಮೂಗನ್ನು ನೋಡಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದಳು.

ಕೆಲವೇ ದಿನಗಳಲ್ಲಿ ಸಾಣೆಯಣ್ಣ ನನ್ನನ್ನು ಚಹಾದಂಗಡಿಯ ಬೆಂಚಿನಲ್ಲಿ ಹಿಡಿದ. ಆತ ಮಿತಭಾಷಿ, ಎರಡು ವಾಕ್ಯ ಒಟ್ಟಿಗೆ ಆಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ, "ಆ ಪುಸ್ತಕ ಕೊಟ್ಟೋರು ನೀವೇ ಅಲ್ವಾ?" ಎಂದ. ಹೌದೆಂದೆ.

"ಅವಳಿಗೆ ಬಾಯಿಬಿಟ್ಟು ಹೇಳೋಕಾಗ್ತಿಲ್ಲ. ಅದಕ್ಕೇ ಬಂದೋರ ಬಾಯಲ್ಲೆಲ್ಲ ಹೇಳಿಸ್ತಿದಾಳೆ. ಬೆಳಿಗ್ಗೆಯಿಂದ ಸಂಜೆ ತನಕ ಅದೇ ಮಾತು. ಗೋಡೆ ಆಚೆ ಕೂತಿರೋನು ನಾನೊಬ್ಬನೇ ತಾನೇ? ಇನ್ಯಾರಿಗೆ ಹೇಳ್ತಾಳೆ?"

ನನಗೆ ನಗು ಬಂತು, ಆದರೆ ಆತನ ಮುಖ ನೋಡಿ ಚಹಾದ ಲೋಟವನ್ನು ಬಾಯಿಗೆ ಹಿಡಿದೆ.

"ನಂಗೆ ಅವಳಿಲ್ದೆ ಆಗಲ್ಲ, ಅದು ಬೇರೆ. ಆದ್ರೆ ಆ ಥರ ಅಲ್ಲ. ಹೂಂ ಅಂದ್ರೆ ಸುಳ್ಳಾಗುತ್ತೆ, ಇಲ್ಲ ಅಂದ್ರೆ ಅವಳ ಮುಖ ನೋಡೋಕಾಗಲ್ಲ. ಊರಾಚೆ ದೊಡ್ಡ ವರ್ಕ್‌ಶಾಪಲ್ಲಿ ಕರೀತಿದಾರೆ. ಹೋಗ್ಬಿಡ್ತೀನಿ. ಅಂಗಡಿ ಅವಳೇ ಇಟ್ಕೊಳ್ಳಲಿ." ಇಷ್ಟು ಹೇಳಿ, ಮುಗಿಸದ ಚಹಾವನ್ನು ಬೆಂಚಿನ ಮೇಲಿಟ್ಟು ಎದ್ದುಹೋದ.

ನನ್ನ ಹೊಟ್ಟೆಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲವೆಂಬುದು ಲೋಕಪ್ರಸಿದ್ಧ. ಮರುದಿನ ಬೆಳಿಗ್ಗೆ, ಸಾಣೆಯಣ್ಣ ಬರುವ ಮೊದಲೇ, ಅಕ್ಕನ ಮುಂದೆ ಎಲ್ಲವನ್ನೂ ಒದರಿದೆ.

"ಅಯ್ಯೋ ಇವನ ತಲೆಗಿಷ್ಟು!" ಎಂದು ಆಕೆ ಕಪಾಟಿಗೆ ಒರಗಿ ನಕ್ಕಳು, ಗಾಜಿಲ್ಲದ ಕಟ್ಟು ಗಲ್ಲದವರೆಗೆ ಜಾರಿತು. "ಗೋಡೆ ಆಚೆ ಕೇಳುತ್ತೆ ಅಂತ ನಂಗೆ ಹೊಳೀಲೇ ಇಲ್ವಲ್ಲ! ಅಕ್ಷರದ ಗಾತ್ರ ಸರಿ ಇದೆ ಅಂತ ಆ ಪುಟ ಇಟ್ಕೊಂಡಿದ್ದು ಕಣ್ರೀ!" ಆಮೇಲೆ ನಗು ಅರ್ಧಕ್ಕೇ ಕಡಿದು, "ಬಿಟ್ಟೇ ಹೋಗ್ತೀನಿ ಅಂದ್ನಾ?" ಎಂದಳು.

ಹೌದೆಂದೆ. ಅಲ್ಲಿಗೆ ಸುಮ್ಮನಿರಬೇಕಿತ್ತು, ಆದರೆ ತಪ್ಪು ಹುಡುಕಿ ಹುಡುಕಿ ಹೊಟ್ಟೆ ಹೊರೆದ ನಾಲಿಗೆ ಕೇಳಬೇಕಲ್ಲ. "ಪುಸ್ತಕದ ಎಲ್ಲಾ ಪುಟದಲ್ಲೂ ಅಕ್ಷರ ಅದೇ ಗಾತ್ರ ತಾನೇ ಅಕ್ಕಾ?" ಎಂದೆ.

ಯಾವ ಮಾತಿಗೂ ಮಾತು ಸಿದ್ಧವಿರುತ್ತಿದ್ದ ಹೆಂಗಸು ಕಪಾಟಿನ ಗಾಜನ್ನು ಕೋಟಿನ ತೋಳಿನಿಂದ ಒರೆಸತೊಡಗಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಔಷಧಿ ಅಂಗಡಿಯ ಶಟರ್ ಎತ್ತುವ ಸದ್ದು ಕೇಳಿಸಿತು. ನಾನು ಆಡಿದ ಮಾತನ್ನು ನುಂಗಿಕೊಳ್ಳಲಾಗದೆ ಕೂತಿದ್ದೆ.

"ಇತ್ತು," ಎಂದಳು ಕೊನೆಗೆ. "ಮನಸ್ಸಲ್ಲಿ ಇತ್ತು. ಪುಸ್ತಕ ಓದಿ ಹಾಗನ್ನಿಸ್ತೋ, ಮೊದಲೇ ಅನ್ನಿಸಿದ್ದಕ್ಕೆ ಪುಸ್ತಕ ಹಿಡಿಸ್ತೋ, ದೇವರಾಣೆ ಗೊತ್ತಿಲ್ಲ. ಅವನಿಗೆ ಕೇಳಿಸ್ಲಿ ಅಂತ ಓದಿಸಿಲ್ಲ. ನಂಗೆ ಕೇಳಿಸ್ಕೊಳ್ಳೋಕೆ ಆಸೆ ಇತ್ತು, ಅಷ್ಟೇ." ಕಣ್ಣು ತುಂಬಿತ್ತು. ಕಟ್ಟಿನೊಳಗೆ ಬೆರಳು ತೂರಿಸಿ ಒರೆಸಿಕೊಂಡಳು. ಅದನ್ನು ನೋಡಿ ಬೆಚ್ಚಿಬೀಳುವ ಗಿರಾಕಿ ಅಲ್ಲಿರಲಿಲ್ಲ.

ಸಾಣೆಯಣ್ಣ ಬಂದ. ನಮ್ಮಿಬ್ಬರನ್ನೂ ನೋಡಿದೊಡನೆ ಎಲ್ಲ ಅರ್ಥವಾಗಿ, ತಲೆ ತಗ್ಗಿಸಿ ಒಳಗೆ ಹೋದ. ಅಕ್ಕ ಪುಸ್ತಕ ಎತ್ತಿಕೊಂಡು ಹಿಂದೆಯೇ ಹೋದಳು. ಎದ್ದು ಹೋಗುವುದು ಮರ್ಯಾದೆಯೆಂದು ನನಗೂ ಗೊತ್ತಿತ್ತು, ಹೋಗಲಿಲ್ಲ. ಮಾತೆಲ್ಲ ಈಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಏನೋ, ಹೋಗ್ತೀಯಂತೆ?"

"ನಾನು... ನಂಗೆ ಆ ಥರ..."

"ಗೊತ್ತು. ಹೇಳಿದ್ರು. ಆ ಥರ ಬಾ ಅಂತ ನಾನು ಕೇಳಿದ್ನಾ?"

"ಇಲ್ಲ."

"ಮತ್ತೆ? ನೋಡು, ಸುಳ್ಳು ಹೇಳಲ್ಲ. ಆ ಪುಟ ನಂಗಿಷ್ಟ. ಓದಿಸಿದಾಗೆಲ್ಲ ನಿನ್ನೇ ನೆನಸ್ಕೊಂಡೆ. ನಾಚಿಕೆ ಇಲ್ದೆ ಹೇಳ್ತಿದೀನಿ, ಕೇಳಿಸ್ಕೊ. ಆದ್ರೆ ಇಲ್ಲ ಅನ್ನಿಸ್ಕೊಂಡ ಹೊಟ್ಟೆಉರೀನ ನಾನು ಯಾರ ಹತ್ರ ಹೇಳ್ಕೊಳ್ಲಿ? ನನ್ನ ತಂಗಿ ಹತ್ರಾನಾ? ಆ ವಿಮರ್ಶಕರ ಹತ್ರಾನಾ? ನಾಳೆ ಪತ್ರಿಕೇಲಿ ಹಾಕ್ಬಿಡ್ತಾರೆ. ನಿನ್ನ ಹತ್ರ ತಾನೇ ಹೇಳ್ಕೋಬೇಕು? ನೀನೇ ಹೋದ್ರೆ ನಾನೇನ್ ಮಾಡ್ಲಿ?" ದನಿ ಒಡೆಯಿತು. "ಪುಟ ಬೇಕಾದ್ರೆ ಹರಿದು ಹಾಕ್ತೀನಿ. ಹೋಗ್ಬೇಡ."

ಆಮೇಲೆ ಸಾಣೆಯಣ್ಣನ ದನಿ, ಎಂದಿನಂತೆ ನಿಧಾನ: "ಹರೀಬೇಡ. ಆ ಸಂಗೀತದ ಟೀಚರಮ್ಮ ಓದಿದ್ದು ಚೆನ್ನಾಗಿತ್ತು."

"ಹೂಂ, ಚೆನ್ನಾಗಿತ್ತಲ್ವಾ?" ಎಂದಳು ಅಕ್ಕ, ಮೂಗು ಒರೆಸಿಕೊಂಡ ಸದ್ದು ಮಾಡುತ್ತಾ. "ಆ ಬ್ಯಾಂಕಿನೋರು ಮಾತ್ರ ಕೊಂದೇಹಾಕಿದ್ರು."

ಸಾಣೆಯಣ್ಣ ಹೋಗಲಿಲ್ಲ. ಪುಸ್ತಕ ಈಗಲೂ ಕಪಾಟಿನ ಮೇಲಿದೆ, ಆದರೆ ಗಿರಾಕಿಗಳು ಓದುವುದು ಮೊದಲರ್ಧದ ಪುಟ: ಗೆಳೆಯರಿಬ್ಬರೂ ಮುರಿದ ಕುರ್ಚಿಯೊಂದಕ್ಕಾಗಿ ಕಚ್ಚಾಡುವ ಪ್ರಸಂಗ. ಓದುವವರು ನಗುತ್ತಾರೆ, ಕನ್ನಡಕ ಜಾರುತ್ತದೆ, ಹೊಂದಿಕೆ ಪರೀಕ್ಷಿಸಲು ಅದೇ ಒಳ್ಳೆಯದೆಂದು ಅಕ್ಕ ಹೊಸ ಶಾಸ್ತ್ರ ಕಟ್ಟಿದ್ದಾಳೆ. ಮೊದಮೊದಲು ಇಬ್ಬರ ನಡುವೆ ಒಂದು ಬಿಗುವಿತ್ತು. ಊಟಕ್ಕೆ ಕೂತಾಗ ಮಾತು ಹುಡುಕುತ್ತಿದ್ದರು. ಅದು ಒಂದೇ ದಿನದಲ್ಲಿ ಹೋಗಲಿಲ್ಲ, ಪೂರ್ತಿ ಹೋಗಿದೆಯೆಂದು ನಾನು ಪ್ರಮಾಣ ಮಾಡಲಾರೆ. ಒಮ್ಮೊಮ್ಮೆ ಅಕ್ಕ ಮಾತಿನ ನಡುವೆ ಸುಮ್ಮನಾಗಿ ಪ್ಲೈವುಡ್ಡಿನ ಕಡೆ ನೋಡುತ್ತಾಳೆ. ಮರುಕ್ಷಣವೇ, "ಏನ್ ನಿದ್ದೆ ಹೋದ್ಯೇನೋ? ಇವರ ಗಾಜು ಎಲ್ಲಿ?" ಎಂದು ಕೂಗುತ್ತಾಳೆ.

ವಿಮರ್ಶೆಯನ್ನು ನಾನು ಬರೆದೆ. ಕಾದಂಬರಿಯ ಉತ್ತರಾರ್ಧ ದುರ್ಬಲವೆಂದೂ ಲಿಫ್ಟಿನ ಪ್ರಸಂಗ ಹಳಸಲೆಂದೂ ಎಂದಿನ ಗತ್ತಿನಲ್ಲಿ ಅಪ್ಪಣೆ ಕೊಡಿಸಿದ್ದಾಯಿತು. ಅಕ್ಕ ಅದನ್ನು ಓದಿ, "ಎಲ್ಲಾ ಸರಿ ಬರ್ದಿದೀರ. ನಿಮಗೆ ಅದು ಹಿಡಿಸ್ತೋ ಇಲ್ವೋ, ಅದೊಂದು ಗೊತ್ತಾಗ್ಲಿಲ್ಲ," ಎಂದಳು.

ಇಂಥ ಓದುಗರನ್ನು ನಾವು, ಎಂದರೆ ಬರೆಯುವವರೂ ಬೈಯುವವರೂ, ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಒಂದು ಪುಸ್ತಕವನ್ನು ಅವರು ಅರ್ಧ ಒಪ್ಪಿ ಅರ್ಧ ಜಗಳವಾಡುತ್ತಲೇ ಇರುತ್ತಾರೆ, ಮನೆಯವರೊಡನೆ ಬದುಕಿದಂತೆ; ಅದು ತಮ್ಮೊಳಗೆ ಎಬ್ಬಿಸಿದ್ದನ್ನು ಮಾತ್ರ ಇಲ್ಲವೆನ್ನುವುದಿಲ್ಲ. ಬಯಸಿದ್ದನ್ನು ಬಯಸಲೇ ಇಲ್ಲವೆಂದು ಸಾಧಿಸುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಬಯಸಿದ್ದು ಸಿಗಲಿಲ್ಲವೆಂದು ಇದ್ದುದನ್ನೂ ಒದ್ದು ಹೋದವರು ಇನ್ನೂ ಹೆಚ್ಚು. ಬಯಸಿದೆನೆಂದು ಎದುರೆದುರೇ ಒಪ್ಪಿಕೊಂಡು, ಸಿಗುವುದಿಲ್ಲವೆಂದು ಎದುರಿನವರ ಬಾಯಿಂದಲೇ ಕೇಳಿಸಿಕೊಂಡು, ಮರುದಿನ ಅದೇ ಮನುಷ್ಯನ ಮೇಲೆ ಎಂದಿನಂತೆ ರೇಗಬಲ್ಲವರು ಅಪರೂಪ. ಅವರ ಕಥೆಗೆ ಕೊನೆಯ ಅಧ್ಯಾಯವಿರುವುದಿಲ್ಲ. ನಾಳೆ ಬೆಳಿಗ್ಗೆ ಅಂಗಡಿ ತೆರೆಯಬೇಕು, ತೆರೆಯುತ್ತಾರೆ.